ನೀವೇ ಸಹಿ ಹಾಕಿದ್ದು ಅಲ್ವಾ?

ಹುಡುಗ ಮನೆಗೆ ಬಂದ ರಾತ್ರಿ ಅವನಿಗಿಷ್ಟ ಅಂತ ಅಮ್ಮ ಅಕ್ಕಿ ರೊಟ್ಟಿ, ಕೋಳಿ ಸಾರು ಮಾಡಿದ್ದರು. ಅವನು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಐದು ನಿಮಿಷದಲ್ಲಿ ಉಂಡು ಮುಗಿಸಿದ. ಎದ್ದು ಹೋಗಿ ತಟ್ಟೆ ತೊಳೆದ. ಆಮೇಲೆ ತಟ್ಟೆಯ ಒಳಗೂ ಹಿಂಬದಿಯೂ ಕಾಣುವ ಹಾಗೆ ತಿರುಗಿಸಿ ಅಮ್ಮನ ಮುಂದೆ ಹಿಡಿದು ನಿಂತ. 'ಏನೋ ಮಗ ಅದು?' ಅಂದರು. ಮಾತಿಲ್ಲ. 'ಸರಿ, ಇಡು' ಅನ್ನುವವರೆಗೂ ಹಾಗೇ ನಿಂತಿದ್ದ.

ಇದನ್ನು ಆ ತಾಯಿ ನನಗೆ ಹೇಳುವಾಗ ಒಂದು ತಿಂಗಳು ಕಳೆದಿತ್ತು. ನಾನು ನಿವೃತ್ತ ಶಿಕ್ಷಕಿ. ಕೊಡಗಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತೇನೆ. ಜಮೀನು ತಕರಾರು, ಪಿಂಚಣಿ ಅರ್ಜಿ, ಗಂಡ ಹೆಂಡತಿ ಜಗಳ, ಹೆಚ್ಚಾಗಿ ಇಂಥವೇ ಬರುತ್ತವೆ. ಈ ಪ್ರಕರಣ ಬೇರೆ ಥರದ್ದು. ಇದನ್ನು ಮೊದಲಿಂದ ಕೊನೆಯವರೆಗೆ ಬರೆಯಬೇಕು ಅನ್ನಿಸಿದ್ದು ಒಂದೇ ಕಾರಣಕ್ಕೆ. ವ್ಯಸನ ಬಿಡಿಸ್ತೇವೆ, ಹುಡುಗರನ್ನು ತಿದ್ದುತ್ತೇವೆ ಅನ್ನುವ ಕೇಂದ್ರಗಳಿಗೆ ಮಕ್ಕಳನ್ನು ಬಿಟ್ಟು ಬಂದ ಅಪ್ಪ ಅಮ್ಮಂದಿರು ಬಾಯಿ ಬಿಡದೇ ಇರೋದು ಒಂದು ಕಾಗದಕ್ಕೆ ಹೆದರಿ. ಆ ಕಾಗದಕ್ಕೆ ಅವರು ಅಂದುಕೊಂಡಷ್ಟು ಬಲ ಇಲ್ಲ.

ಹೆಸರು, ಊರು, ಕೇಂದ್ರ ಇದ್ದ ಜಿಲ್ಲೆ ಯಾವುದನ್ನೂ ಬರೆಯುತ್ತಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಮಗುವಿನ ಗುರುತು ಬಿಟ್ಟುಕೊಡಬಾರದು ಅಂತ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ 23ನೇ ಕಲಂ ಮತ್ತು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತವೆ. ಕಾನೂನು ಹೇಳದೇ ಇದ್ದರೂ ನಾನು ಬರೆಯುತ್ತಿರಲಿಲ್ಲ.

ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ದಿನಾ ಬೆಳಗ್ಗೆ ಆಳು ಲೆಕ್ಕ ಹಾಕಿ ಚೆಕ್‌ರೋಲ್ ಬರೆಯುವವರು. ಹುಡುಗನಿಗೆ 16, ಮೊದಲ ಪಿಯುಸಿ. ಕಾಲೇಜಿಗೆ ಅಂತ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಕೂರುವುದು, ರಾತ್ರಿಯೆಲ್ಲ ಫೋನಿನಲ್ಲಿ ಗೇಮ್, ಎರಡು ಮೂರು ಸಲ ಗೆಳೆಯರ ಜೊತೆ ಗಾಂಜಾ. ಫೋನ್ ಕಿತ್ತುಕೊಂಡ ದಿನ ಕಿಟಕಿ ಗಾಜು ಒಡೆದ. ಮನೆಯವರು ಹೆದರಿದರು. ಹೆದರೋದು ಸಹಜ ಅಲ್ವಾ? ಒಂದು ಮದುವೆ ಮನೆಯಲ್ಲಿ ಸಂಬಂಧಿಕರೊಬ್ಬರು ನಂಬರ್ ಕೊಟ್ಟರು. 'ಮೂರು ತಿಂಗಳು ಬಿಡಿ, ಹುಡುಗ ತಿದ್ದಿಕೊಂಡು ಬರ್ತಾನೆ' ಅಂದರು. ಬೇರೆ ಜಿಲ್ಲೆಯ ಕೇಂದ್ರ. ಬೋರ್ಡಿನಲ್ಲಿ ವ್ಯಸನಮುಕ್ತಿ, ವರ್ತನೆ ಸುಧಾರಣೆ, ಯೋಗ ಎಲ್ಲಾ ಇತ್ತು. ತಿಂಗಳಿಗೆ 18 ಸಾವಿರ, ಮೂರು ತಿಂಗಳದ್ದು ಮುಂಗಡ.

ಜನವರಿ ಮೊದಲ ವಾರ, ಕಾಫಿ ಕುಯ್ಲು ಜೋರಾಗಿದ್ದ ಸಮಯ. ಬೆಳಗಿನ ಜಾವ ನಾಲ್ಕೂವರೆಗೆ ಕಾರಿನಲ್ಲಿ ಇಬ್ಬರು ಬಂದರು. ನಿದ್ದೆಗಣ್ಣಿನ ಹುಡುಗನನ್ನು ತೋಳು ಹಿಡಿದು ಕಾರಿಗೆ ಕೂರಿಸಿದರು. ಅವನು ಅಮ್ಮನನ್ನು ಕೂಗುತ್ತಿರುವಾಗಲೇ ಬಾನೆಟ್ ಮೇಲೆ ಕಾಗದ ಇಟ್ಟು, ಮೊಬೈಲ್ ಟಾರ್ಚ್ ಹಿಡಿದು, ಅಪ್ಪನಿಂದ ನಾಲ್ಕು ಕಡೆ ಸಹಿ ಮಾಡಿಸಿಕೊಂಡರು. ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ದಿನಾ ಲೆಕ್ಕ ಬರೆಯುವ ಮನುಷ್ಯ ಆವತ್ತು ಒಂದು ಸಾಲೂ ಓದಲಿಲ್ಲ.

(ಅಮೆರಿಕದಲ್ಲೂ ಇದೇ ಕಥೆ ಇದೆ. ಅಲ್ಲಿನ ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ತಾವು ಹರೆಯದಲ್ಲಿದ್ದಾಗ ಇಬ್ಬರು ಗಂಡಸರು ನಸುಕಿನಲ್ಲಿ ಹಾಸಿಗೆಯಿಂದ ಎಬ್ಬಿಸಿ ಕರೆದುಕೊಂಡು ಹೋದದ್ದನ್ನು ಬಹಿರಂಗವಾಗಿ ಹೇಳಿದ್ದಾರೆ. ಅವರಂಥ ಅನೇಕರು ವರ್ಷಗಟ್ಟಲೆ ಮಾತಾಡಿದ ಮೇಲೆ, ಇಂಥ ಸಂಸ್ಥೆಗಳಲ್ಲಿ ಮಕ್ಕಳ ಮೇಲಿನ ಹಿಂಸೆ ತಡೆಯುವುದಕ್ಕೆ ಅಂತಲೇ ಅಲ್ಲಿನ ಸಂಸತ್ತು 2024ರ ಡಿಸೆಂಬರಿನಲ್ಲಿ ಒಂದು ಕಾಯ್ದೆ ಪಾಸು ಮಾಡಿತು. ಇದನ್ನು ಓದಿದಾಗ ನನಗೆ ಆ ಬಾನೆಟ್ಟೇ ಕಣ್ಣ ಮುಂದೆ ಬಂತು.)

ಹುಡುಗ ಅಲ್ಲಿದ್ದದ್ದು 74 ದಿನ. ಮೊದಲ 30 ದಿನ ಮುಖ ನೋಡಲು ಬಿಡಲಿಲ್ಲ. 'ನಿಮ್ಮನ್ನು ನೋಡಿದರೆ ಹಠ ಮಾಡ್ತಾನೆ' ಅಂದರು. ಒಂದು ಹಾಲ್‌ನಲ್ಲಿ ಸುಮಾರು 40 ಜನ, ಹೆಚ್ಚಿನವರು ಕುಡಿತ ಬಿಡಿಸಲು ತಂದ ದೊಡ್ಡವರು, ಅವರ ನಡುವೆ ಇವನು. ತಲೆ ಬೋಳಿಸಿದ್ದರು. ಕಕ್ಕಸು ತೊಳೆಸುತ್ತಿದ್ದರು. ಹೆಸರು ಹೇಳದ ಮಾತ್ರೆ ಕೊಡುತ್ತಿದ್ದರು. ಪೈಪಿನಿಂದ ಹೊಡೆಯುತ್ತಿದ್ದರು. ತಟ್ಟೆಯಲ್ಲಿ ಜಿಡ್ಡು ಉಳಿದರೆ ಮಾರನೆ ದಿನ ಊಟ ಇಲ್ಲ. ಎರಡು ರಾತ್ರಿ ಕಿಟಕಿ ಸರಳಿಗೆ ಕೈ ಕಟ್ಟಿ ನಿಲ್ಲಿಸಿದ್ದರು. ರಾತ್ರಿ ಕಾವಲಿನ ಒಬ್ಬನಿಂದ ಆದದ್ದು ಪೋಕ್ಸೋ ಅಡಿ ಬರುವ ಅಪರಾಧ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಅದು ಅವನ ಮಾತು, ಹೇಳಬೇಕಾದ ಕಡೆ ಹೇಳಿದ್ದಾನೆ.

ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದ ವಾರ ಕೇಂದ್ರದವರೇ ಫೋನ್ ಮಾಡಿದರು. ಮೈಯೆಲ್ಲ ಕಜ್ಜಿಯಾಗಿ ಕೀವಾಗಿದೆ, ಕರೆದುಕೊಂಡು ಹೋಗಿ ಅಂತ. ಅಪ್ಪ ಅಲ್ಲಿ ಹೋಗಿ 'ಬೆನ್ನ ಮೇಲೆ ಇದೇನು ಬರೆ?' ಅಂತ ಕೇಳಿದಾಗ ಮ್ಯಾನೇಜರ್ ಫೈಲ್ ತೆಗೆದು ತೋರಿಸಿ ಕೇಳಿದ್ದು, 'ನೀವೇ ಸಹಿ ಹಾಕಿದ್ದು ಅಲ್ವಾ?' ಶಿಸ್ತಿಗೆ ಏನು ಬೇಕಾದರೂ ಮಾಡಬಹುದು, ಏನಾದರೂ ಆದರೆ ಸಂಸ್ಥೆ ಜವಾಬ್ದಾರಿ ಅಲ್ಲ ಅಂತ ಅದರಲ್ಲಿ ಬರೆದಿತ್ತು. ಅಪ್ಪ ಸುಮ್ಮನೆ ಮಗನನ್ನು ಕರೆದುಕೊಂಡು ಬಂದರು. ಅವರ ಮೌನ ಶುರುವಾಗಿದ್ದು ಅಲ್ಲಿ.

ಬಾಯಿ ಬಿಡಿಸಿದ್ದು ಚಿಕ್ಕಮ್ಮ. ಅವರು ಸ್ಟಾಫ್ ನರ್ಸ್. ಗಾಯಕ್ಕೆ ಮುಲಾಮು ಹಚ್ಚುವಾಗ, ಹುಡುಗ ಬಂದ ಮೂರು ವಾರದ ಮೇಲೆ, ಅವನು ಅವರ ಹತ್ತಿರ ಎಲ್ಲ ಹೇಳಿದ. ಅಪ್ಪನಿಗೆ ಊರಿಗೆ ಗೊತ್ತಾದರೆ ಏನು ಗತಿ ಅನ್ನುವ ಚಿಂತೆ. ಚಿಕ್ಕಮ್ಮ ಮಾತ್ರ ಗಟ್ಟಿಯಾಗಿ ನಿಂತರು: 'ಬಾವ, ಇದನ್ನು ನಾನು ಹೇಳದೇ ಇದ್ದರೆ ನನ್ನದೂ ತಪ್ಪಾಗುತ್ತೆ.' ಅವರು ಹೇಳಿದ್ದು ಸರಿ. ಪೋಕ್ಸೋ 19ನೇ ಕಲಂ ಪ್ರಕಾರ ಗೊತ್ತಿದ್ದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಲ್ಲಿ ಶಿಕ್ಷೆ ಇದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಮಹಾರಾಷ್ಟ್ರದ ಒಂದು ಹಾಸ್ಟೆಲ್ ಪ್ರಕರಣದಲ್ಲಿ ಮಕ್ಕಳಿಗೆ ಚಿಕಿತ್ಸೆ ಕೊಟ್ಟ ವೈದ್ಯರ ಮೇಲಿನ ಇದೇ ಥರದ ಆರೋಪವನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತೆಗೆದುಹಾಕಿತು. ನಮ್ಮ ಪ್ರಕರಣದಲ್ಲೂ ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಗಾಯ ನೋಡಿ ಹೋಗುತ್ತಿದ್ದ ವೈದ್ಯರೊಬ್ಬರಿದ್ದಾರೆ. ಅವರಿಗೆ ಏನೆಲ್ಲ ಗೊತ್ತಿತ್ತು ಅನ್ನುವುದು ತನಿಖೆಯಲ್ಲಿ ಬಂದಿದೆ.

ಠಾಣೆಗೆ ಹೋದ ದಿನ ನಾನೂ ಇದ್ದೆ. 'ಘಟನೆ ನಡೆದದ್ದು ಬೇರೆ ಜಿಲ್ಲೆಯಲ್ಲಿ, ಅಲ್ಲಿಗೇ ಹೋಗಿ' ಅಂದರು. ಇಷ್ಟು ಹೇಳಿದರೆ ಸಾಕು, ಅರ್ಧ ಜನ ವಾಪಸ್ ಹೋಗುತ್ತಾರೆ. ಜೇಬಲ್ಲಿ ಬಸ್ ಚಾರ್ಜಿಗೆ ಮಾತ್ರ ದುಡ್ಡಿಟ್ಟುಕೊಂಡು ಬಂದವರು ಇನ್ನೆಲ್ಲಿಗೆ ಹೋಗುತ್ತಾರೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ತೋರಿಸಿದೆ. ಅಪರಾಧ ಎಲ್ಲೇ ನಡೆದಿರಲಿ, ದೂರು ತೆಗೆದುಕೊಂಡು ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ದಾಖಲಿಸದ ಅಧಿಕಾರಿಯೂ ಪೋಕ್ಸೋ 21ನೇ ಕಲಂಗೆ ಬರುತ್ತಾರೆ ಅಂತ ಮೆಲ್ಲಗೆ ಸೇರಿಸಿದೆ. ಸಂಜೆಯೊಳಗೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಹುಡುಗನ ಹೇಳಿಕೆಯನ್ನು ಮಹಿಳಾ ಎಸ್‌ಐ ಒಬ್ಬರು ಸಮವಸ್ತ್ರ ಇಲ್ಲದೆ ಚಿಕ್ಕಮ್ಮನ ಮನೆಗೇ ಬಂದು ಬರೆದುಕೊಂಡರು. ಅದೂ ಕಾನೂನಿನಲ್ಲೇ ಇರುವುದು, ಪೋಕ್ಸೋ 24ನೇ ಕಲಂ. ಆದರೆ ಅವರು ಹುಡುಗನ ಜೊತೆ ಮಾತಾಡಿದ ರೀತಿ ಯಾವ ಕಲಂನಲ್ಲೂ ಬರೆದಿಲ್ಲ. ಕಾಫಿ ಕುಡಿದು, ನಾಯಿ ಹೆಸರು ಕೇಳಿ, ಅರ್ಧ ಗಂಟೆ ಕಳೆದ ಮೇಲೆ ಪೆನ್ ತೆಗೆದರು.

ನನ್ನಿಂದಾದ ತಪ್ಪನ್ನೂ ಇಲ್ಲಿ ಹೇಳಲೇಬೇಕು. ಎಸ್‌ಐ ಬರುವಷ್ಟರಲ್ಲಿ ಹುಡುಗ ಇದನ್ನೆಲ್ಲ ಚಿಕ್ಕಮ್ಮನಿಗೆ, ಅಪ್ಪನಿಗೆ, ನನಗೆ ಹೇಳಿ ಆಗಿತ್ತು. ಆಮೇಲೆ ವೈದ್ಯರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ. ಎಸ್‌ಐಗೆ ಹೇಳಿದ್ದೂ ಸೇರಿ ಒಟ್ಟು ಆರು ಸಲ. ನಾನು ಕೇಳುವ ಅಗತ್ಯವೇ ಇರಲಿಲ್ಲ, ಚಿಕ್ಕಮ್ಮ ಹೇಳಿದ್ದಷ್ಟೇ ನನಗೆ ಸಾಕಿತ್ತು. ಮಗುವಿನ ಜೊತೆಗೇ ಇದ್ದು ಇದನ್ನೆಲ್ಲ ನೋಡಿಕೊಳ್ಳಲು ಸಮಿತಿಯಿಂದ ಬೆಂಬಲ ವ್ಯಕ್ತಿಯೊಬ್ಬರನ್ನು ಪಡೆಯುವ ಅವಕಾಶ 2020ರ ಪೋಕ್ಸೋ ನಿಯಮಗಳಲ್ಲಿದೆ. ಅದನ್ನು ಮೊದಲ ದಿನವೇ ಕೇಳಬೇಕಿತ್ತು. ಮೂರನೇ ವಾರ ಕೇಳಿದೆವು. ಮನೆಯವರೂ ಅಷ್ಟರಲ್ಲಿ ಅವನು ಹಾಕಿಕೊಂಡು ಬಂದ ಬಟ್ಟೆ ಒಗೆದು, ಚೀಲದಲ್ಲಿದ್ದ ಮಾತ್ರೆ ಶೀಟ್ ಒಲೆಗೆ ಹಾಕಿದ್ದರು.

ಈಗ ಆ ಸಹಿಯ ವಿಷಯ.

ಅದನ್ನು ಬಗೆಹರಿಸಿದ್ದು ನಾವು ಯೋಚಿಸಿಯೇ ಇರದ ಒಂದು ಕಾಯ್ದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ. ಹೆಸರು ಕೇಳಿದರೆ ದೊಡ್ಡ ಮಾನಸಿಕ ಆಸ್ಪತ್ರೆಗಳಿಗೆ ಮಾತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಕುಡಿತ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಕಾಯಿಲೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ವ್ಯಸನಮುಕ್ತಿ ಕೇಂದ್ರವೂ ಆ ಕಾಯ್ದೆಯಡಿ ನೋಂದಣಿ ಮಾಡಿಸಬೇಕು.

ಅದರ 87ನೇ ಕಲಂ ಓದಿದಾಗ ನಾನು ಮತ್ತೆ ಮತ್ತೆ ಓದಿದೆ. 18 ತುಂಬದವರನ್ನು ದಾಖಲು ಮಾಡಬೇಕಾದರೆ ಇಬ್ಬರು ಮನೋವೈದ್ಯರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು. ಇಲ್ಲವೇ ಒಬ್ಬ ಮನೋವೈದ್ಯ, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞ ಅಥವಾ ವೈದ್ಯ. ದೊಡ್ಡವರ ಜೊತೆ ಇಡುವ ಹಾಗಿಲ್ಲ. ದಾಖಲಾದ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. 30 ದಿನ ದಾಟಿದರೆ ಮತ್ತೆ ತಿಳಿಸಬೇಕು, ಮಂಡಳಿ ಪರಿಶೀಲಿಸಬೇಕು. ಮತ್ತು ಅಲ್ಲಿರುವಷ್ಟು ದಿನವೂ ಮಗುವಿನ ಕಡೆಯವರೊಬ್ಬರು, ಅಂದರೆ ಅಪ್ಪ ಅಮ್ಮ ಅಥವಾ ಅವರು ನೇಮಿಸಿದವರು, ಜೊತೆಯಲ್ಲೇ ಇರಬೇಕು.

ಜೊತೆಯಲ್ಲೇ ಇರಬೇಕು ಅನ್ನುತ್ತದೆ ಕಾನೂನು. ಇವರು ಒಂದು ತಿಂಗಳು ಮುಖ ತೋರಿಸಲಿಲ್ಲ. ಇದನ್ನು ಆ ತಾಯಿಗೆ ಓದಿ ಹೇಳಿದಾಗ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತುಬಿಟ್ಟರು. 'ಟೀಚರೇ, ನಾನು ಹೋಗಿ ಇರ್ತಿದ್ದೆ. ಅಲ್ಲೇ ನೆಲದ ಮೇಲೆ ಮಲಗ್ತಿದ್ದೆ' ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಅಂದರೆ ಯಾರೋ ಪೈಪ್ ಎತ್ತುವ ಮೊದಲೇ, ಹುಡುಗ ಗೇಟ್ ದಾಟಿದ ಆ ಬೆಳಗ್ಗೆಯೇ, ಕೇಂದ್ರ ಕಾನೂನು ಮುರಿದಾಗಿತ್ತು. ತಲೆ ಬೋಳಿಸುವುದಕ್ಕೆ ಒತ್ತಾಯ ಮಾಡಬಾರದು ಅಂತ 20ನೇ ಕಲಂ ಹೇಳುತ್ತದೆ. ದುಡಿಸಿಕೊಳ್ಳುವುದನ್ನೂ ಅದೇ ಕಲಂ ತಡೆಯುತ್ತದೆ. ಅಪ್ಪನ ಸಹಿ ಇದ್ದರೆ ಇವೆಲ್ಲ ಬೇಡ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹೊಡೆತಕ್ಕೆ ಪೋಷಕರ ಒಪ್ಪಿಗೆ ಇತ್ತು ಅನ್ನುವ ವಾದವೂ ನಿಲ್ಲುವುದಿಲ್ಲ. ಪೋಷಕರ ಒಪ್ಪಿಗೆಯಿಂದ, ಒಳ್ಳೆಯದಕ್ಕಾಗಿ ಮಾಡಿದ ಕೆಲಸಕ್ಕೆ ದಂಡಕಾನೂನಿನಲ್ಲಿರುವ ರಿಯಾಯಿತಿ 12 ವರ್ಷದೊಳಗಿನ ಮಕ್ಕಳಿಗೆ ಮತ್ತು ಬುದ್ಧಿ ಸ್ವಾಧೀನ ಇಲ್ಲದವರಿಗೆ ಸಂಬಂಧಿಸಿದ್ದು, ಅದಕ್ಕೂ ಮಿತಿ ಇದೆ. ಇವನಿಗೆ 16. 'ಸಂಸ್ಥೆ ಜವಾಬ್ದಾರಿ ಅಲ್ಲ' ಅನ್ನುವ ಸಾಲನ್ನು 1872ರ ಕರಾರು ಕಾಯ್ದೆಯ 23ನೇ ಕಲಂ ಎದುರು ಇಟ್ಟು ನೋಡಿ. ಕಾನೂನಿಗೆ ವಿರುದ್ಧವಾದ ಒಪ್ಪಂದ ಒಪ್ಪಂದವೇ ಅಲ್ಲ.

ಮಾಹಿತಿ ಹಕ್ಕಿನಲ್ಲಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಈ ಹೆಸರಿನ ಕೇಂದ್ರ ನೋಂದಣಿಯಾಗಿದೆಯಾ ಅಂತ ಒಂದೇ ಪ್ರಶ್ನೆ ಕೇಳಿದೆವು. ಇಲ್ಲ ಅಂತ ಉತ್ತರ ಬಂತು. ಅವರ ಗೋಡೆಯಲ್ಲಿ ಫ್ರೇಮ್ ಹಾಕಿ ತೂಗುಹಾಕಿದ್ದು ಟ್ರಸ್ಟ್ ನೋಂದಣಿ ಪತ್ರ. ಟ್ರಸ್ಟ್ ಇದ್ದ ಮಾತ್ರಕ್ಕೆ ಚಿಕಿತ್ಸೆ ಕೊಡಬಹುದು ಅಂತಲ್ಲ, ಆದರೆ ಫ್ರೇಮ್ ನೋಡಿದವರಿಗೆ ಅದು ಸರ್ಕಾರಿ ಪರವಾನಗಿ ಥರ ಕಾಣುತ್ತದೆ. ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕಾಯ್ದೆಯಲ್ಲಿದೆ, ಅದನ್ನೂ ಕೇಳಿದೆವು. 74 ದಿನಕ್ಕೆ ಒಂದೇ ಹಾಳೆ ಕೊಟ್ಟರು. ಅದರಲ್ಲಿ ಮನೋವೈದ್ಯರ ಸಹಿ ಇರಲಿಲ್ಲ, ಮಾತ್ರೆಯ ಹೆಸರೂ ಇರಲಿಲ್ಲ. ವಕೀಲರಿಗೆ ಆ ಖಾಲಿ ಹಾಳೆಯೇ ದೊಡ್ಡ ಸಾಕ್ಷಿ ಆಯಿತು.

ಇನ್ನೊಂದು ದಾಖಲೆ ಅಪ್ಪನದ್ದು. ರೈಟರ್ ಕೆಲಸದವರಿಗೆ ಬರೆದಿಡುವ ಅಭ್ಯಾಸ ಹೋಗುವುದಿಲ್ಲ. ಕೇಂದ್ರಕ್ಕೆ ಫೋನ್ ಮಾಡಿದಾಗಲೆಲ್ಲ ಎಸ್ಟೇಟ್ ಡೈರಿಯ ಅಂಚಿನಲ್ಲಿ ಗೀಚಿಟ್ಟಿದ್ದರು. ಒಂದು ದಿನದ ಪುಟದಲ್ಲಿ ಮೇಲೆ 'ಹೆಣ್ಣಾಳು 14, ಗಂಡಾಳು 9, ರೊಬಸ್ಟಾ ಕುಯ್ಲು', ಕೆಳಗೆ ಸಣ್ಣದಾಗಿ 'ಬೆ. 11, ಫೋನ್. ಮಲಗಿದ್ದಾನೆ ಅಂದರು'. ಮೂರು ದಿನ ಬಿಟ್ಟು 'ಮ. 3, ಮಲಗಿದ್ದಾನೆ'. ಮತ್ತೆ 'ಮಲಗಿದ್ದಾನೆ'. ಒಟ್ಟು ಏಳು ಸಲ, ಎಲ್ಲವೂ ಹಗಲು ಹೊತ್ತು. ಬರೆಯುವಾಗ ಅವರಿಗೆ ಅದರ ಅರ್ಥ ಹೊಳೆದಿರಲಿಲ್ಲ. ವಕೀಲರು ಡೈರಿ ತಿರುವಿ ಹಾಕಿ, ಆಳು ಲೆಕ್ಕದ ಜೊತೆಗೇ ಇರುವುದರಿಂದ ಆಮೇಲೆ ಸೇರಿಸಿದ್ದು ಅಂತ ಯಾರೂ ಹೇಳಲಾಗುವುದಿಲ್ಲ ಅಂದರು. 54 ಸಾವಿರದ ರಸೀದಿಯೂ ಕಾಫಿ ತೂಕದ ಚೀಟಿಗಳ ಜೊತೆ ತಂತಿಗೆ ಚುಚ್ಚಿ ಇತ್ತು.

ಮಾಡಿದ ಕೇಸುಗಳ ಬಗ್ಗೆ ಬೇಗ ಹೇಳುತ್ತೇನೆ. ಕ್ರಿಮಿನಲ್ ಕೇಸಿನಲ್ಲಿ ಪೋಕ್ಸೋ ಜೊತೆ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ. ಮಕ್ಕಳನ್ನು ನೋಡಿಕೊಳ್ಳಬೇಕಾದ ಸಂಸ್ಥೆಯವರೇ ಕ್ರೌರ್ಯ ಮಾಡಿದರೆ ಐದು ವರ್ಷದವರೆಗೆ ಕಠಿಣ ಜೈಲು, ಐದು ಲಕ್ಷದವರೆಗೆ ದಂಡ. ಅಕ್ರಮ ಬಂಧನವೂ ಸೇರಿದೆ. ಪೋಕ್ಸೋ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು, ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ. ಸರ್ಕಾರ ಅದನ್ನು ಆದೇಶ ಕೈಸೇರಿದ 30 ದಿನದೊಳಗೆ ಕೊಡಬೇಕು. ನಮ್ಮವರಿಗೆ ಬರುವಾಗ ತಡವಾಯಿತು, ಆದರೆ ಬಂತು. ಹುಡುಗನ ಹೆಸರಿನಲ್ಲೇ ಬ್ಯಾಂಕಿನಲ್ಲಿದೆ. ವಕೀಲರು ಕಾನೂನು ಸೇವಾ ಪ್ರಾಧಿಕಾರದಿಂದ ಬಂದವರು. ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇನ್ನೊಂದು ಗ್ರಾಹಕ ಆಯೋಗದ ದೂರು. ಇದಕ್ಕೆ ಅಪ್ಪ ಮೊದಲು ಒಪ್ಪಲಿಲ್ಲ. 'ಮಗನ ವಿಷಯವನ್ನು ಮಿಕ್ಸಿ ಕೆಟ್ಟುಹೋದ ಥರ ಹೇಳೋದಾ ಮೇಡಂ?' ಅಂದರು. ಅವರ ಸಂಕಟ ನನಗೆ ಅರ್ಥ ಆಯಿತು. ಆದರೆ ದುಡ್ಡು ತೆಗೆದುಕೊಂಡು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಮಡಿಕೇರಿಗೆ ಹೋದರೆ ಸಾಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ. ನಮ್ಮ ಕ್ರಿಮಿನಲ್ ಕೇಸ್ ಇರುವುದು ಮನುಷ್ಯರ ಮೇಲೆ. ಗ್ರಾಹಕ ದೂರಿನಲ್ಲಿ ಇಡೀ ಸಂಸ್ಥೆ ಬಂದು ನೋಂದಣಿ ಇಲ್ಲದೆ ಯಾಕೆ ದುಡ್ಡು ತೆಗೆದುಕೊಂಡೆ ಅಂತ ಉತ್ತರ ಕೊಡಬೇಕು. ಇದನ್ನು ಹೇಳಿದ ಮೇಲೆ ಒಪ್ಪಿದರು. ಅಕ್ರಮವಾಗಿ ಕೂಡಿಹಾಕಿದ್ದಕ್ಕೆ ಸಿವಿಲ್ ದಾವೆ ಹಾಕಲು ಇರುವ ಅವಧಿ ಒಂದೇ ವರ್ಷ. ಆದರೆ ಅಪ್ರಾಪ್ತರಿಗೆ ಆ ವರ್ಷ 18 ತುಂಬಿದ ಮೇಲೆ ಶುರುವಾಗುತ್ತದೆ. ಅದನ್ನು ಮುಂದೆ ಹುಡುಗನೇ ತೀರ್ಮಾನ ಮಾಡಲಿ ಅಂತ ಬಿಟ್ಟಿದ್ದೇವೆ. ನ್ಯೂಯಾರ್ಕಿನಲ್ಲಿ 2019ರ ಕಾಯ್ದೆ ಬಂದ ಮೇಲೆ ಬಾಲ್ಯದ ಲೈಂಗಿಕ ದೌರ್ಜನ್ಯಕ್ಕೆ 55 ವಯಸ್ಸಿನವರೆಗೆ ಸಿವಿಲ್ ದಾವೆ ಹಾಕಬಹುದು. ಮಕ್ಕಳು ಬಾಯಿ ಬಿಡಲು ಎಷ್ಟು ವರ್ಷ ಬೇಕಾಗುತ್ತದೆ ಅಂತ ತಿಳಿದವರು ಮಾಡಿದ ಕಾನೂನು ಅದು. ನಮ್ಮಲ್ಲೂ ಬರಬೇಕು.

ಚಾರ್ಜ್‌ಶೀಟ್ ಆದ ಮೇಲೆ ರಾಜಿಗೆ ಜನ ಬಂದರು. ಎರಡು ಲಕ್ಷ, ಒಂದು ಕಾಗದ, ಅದಕ್ಕೆ ಅಪ್ಪನ ಸಹಿ. ಮತ್ತೆ ಸಹಿ! ಜೊತೆಗೆ ಒಂದು ಮಾತು: 'ಗಾಂಜಾ ಹೊಡೆಯೋ ಹುಡುಗನ ಮಾತು ಯಾರು ನಂಬ್ತಾರೆ?' ಆಗ ನಾನು ಅವರಿಗೆ 2024ರ ನವೆಂಬರ್ 7ರ ಸುಪ್ರೀಂ ಕೋರ್ಟ್ ತೀರ್ಪಿನ ವಿಷಯ ಹೇಳಿದೆ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಪೋಕ್ಸೋ ಕೇಸನ್ನು, ಹುಡುಗಿಯ ತಂದೆ ರಾಜಿಯಾಗಿದ್ದಾರೆ ಅಂತ ಹೈಕೋರ್ಟ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಆ ಆದೇಶ ತೆಗೆದುಹಾಕಿ ಕೇಸ್ ಮುಂದುವರಿಯಲಿ ಅಂದಿತು. ಮಗುವಿನ ಮೇಲಿನ ಇಂಥ ಅಪರಾಧವನ್ನು ದೊಡ್ಡವರು ಕೂತು ಮಾತಾಡಿ ಮುಗಿಸಿಕೊಳ್ಳುವ ಹಾಗಿಲ್ಲ. ರೈಟರ್ ಆ ಕಾಗದವನ್ನು ಈ ಸಲ ಪೂರ್ತಿ ಓದಿದರು. ಮಡಚಿ ವಾಪಸ್ ಕೊಟ್ಟರು. ಗಾಂಜಾ ಮಾತಿಗೆ ಉತ್ತರ ಬೇರೆ ಕಡೆಯಿಂದ ಬಂತು. ಆ ಹಾಲ್‌ನಲ್ಲೇ ಇದ್ದ ಇಬ್ಬರು ದೊಡ್ಡವರು, ಅದರಲ್ಲಿ ಒಬ್ಬರು ನಮ್ಮ ಜಿಲ್ಲೆಯವರೇ, ಕಿಟಕಿ ಸರಳಿಗೆ ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದಾಗಿ ಪೊಲೀಸರಿಗೆ ಹೇಳಿದ್ದಾರೆ.

ಹುಡುಗನ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುತ್ತಿದೆ. ಮೊದಲ ದಿನ ಮನೋವೈದ್ಯರ ಕೋಣೆಯ ಕಿಟಕಿ ಸರಳು ನೋಡಿ ಒಳಗೆ ಬರಲು ಒಪ್ಪಲಿಲ್ಲ. ಡಾಕ್ಟರೇ ಹೊರಗೆ ಬಂದು ಅವನ ಪಕ್ಕ ಬೆಂಚಿನ ಮೇಲೆ ಕೂತರು. ನಾಲ್ಕು ಭೇಟಿ ಬೆಂಚಿನ ಮೇಲೇ ಆದವು. ಮಗ ಹಿಡಿತ ತಪ್ಪಿದ್ದಾನೆ ಅಂತ ನನ್ನ ಹತ್ತಿರ ಬರುವವರಿಗೆ ಈಗ ಮೊದಲು ಕೊಡುವುದು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕೇಂದ್ರಕ್ಕೇ ಸೇರಿಸಬೇಕು ಅನ್ನುವವರಿಗೆ ಹೇಳುವುದು ಒಂದೇ. 2017ರ ಕಾಯ್ದೆಯ ನೋಂದಣಿ ಪತ್ರ ತೋರಿಸಿ ಅನ್ನಿ, ನಾನು ಮಗುವಿನ ಜೊತೆ ಉಳಿಯುತ್ತೇನೆ ಅನ್ನಿ. ಎರಡಕ್ಕೂ ಆಗಲ್ಲ ಅಂದರೆ ಎದ್ದು ಬನ್ನಿ.

ಹುಡುಗನ ಸಾಕ್ಷ್ಯ ಮುಗಿದಿದೆ. ಆರೋಪಿಗಳು ಕಾಣದ ಹಾಗೆ ಪರದೆ ಹಾಕಿಸಿದ್ದರು, ಚಿಕ್ಕಮ್ಮ ಪಕ್ಕದಲ್ಲಿದ್ದರು. ಮುಂದಿನ ತಾರೀಖು ಅಪ್ಪನದ್ದು. ಪಾಟಿಸವಾಲಿನಲ್ಲಿ ಮೊದಲು ಯಾವ ಪ್ರಶ್ನೆ ಬರುತ್ತದೆ ಅಂತ ಅವರಿಗೂ ಗೊತ್ತು. ಮೊನ್ನೆ ಕುಶಾಲನಗರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಡೈರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು, ಮಳೆ ಹನಿಯುತ್ತಿತ್ತು. 'ಮೇಡಂ, ಹೌದು ಹಾಕಿದ್ದೆ ಅಂತಲೇ ಹೇಳ್ತೇನೆ. ಎಷ್ಟು ಗಂಟೆಗೆ, ಎಲ್ಲಿಟ್ಟು ಹಾಕಿಸಿದರು ಅಂತಾನೂ ಹೇಳ್ಲಾ?' ಅಂತ ಕೇಳಿದರು. ಹೇಳಿ ಅಂದೆ. ಟಾರ್ಚ್ ಹಿಡಿದವನು ಯಾರು ಅಂತಾನೂ ಹೇಳಿ ಅಂದೆ. ಬಸ್ ಬಂತು, ಅವರು ಹತ್ತಿದರು.